ಕಣ್ಣು ಮುಚ್ಚಿದ ಆಮೆಮರಿ ನಿದ್ದೆ ಮಾಡುತ್ತಿಲ್ಲ

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದವರು. ಐದನೇ ಇಯತ್ತೆಯ ಮಗಳ ಹಟಕ್ಕೆ ಮೂರು ತಿಂಗಳ ಹಿಂದೆ ಬೆಳಗಾವಿಯ ಒಂದು ಅಕ್ವೇರಿಯಂ ಅಂಗಡಿಯಿಂದ ಸಣ್ಣ ಹಸಿರು ಆಮೆ ತಂದೆವು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದೆ, ಎರಡು ಇಂಚು ಉದ್ದ. "ಇದು ಇಷ್ಟೇ ಇರ್ತದರಿ, ದೊಡ್ಡದಾಗೂದಿಲ್ಲ" ಅಂದಿದ್ದರು. ಅವರೇ ಕೊಟ್ಟ ಪ್ಲಾಸ್ಟಿಕ್ ಬೋಗುಣಿಯಲ್ಲಿ ಇಟ್ಟು ಡಬ್ಬಿಯ ಒಣ ಸೀಗಡಿ ಹಾಕುತ್ತಿದ್ದೆವು. ಈಗ ಎಂಟು ದಿನದಿಂದ ಕಣ್ಣು ಬಾತು ಮುಚ್ಚಿವೆ, ಏನೂ ತಿನ್ನುತ್ತಿಲ್ಲ, ಚಿಪ್ಪಿನ ಅಂಚು ಒತ್ತಿದರೆ ಬಾಗುತ್ತದೆ. ಚಳಿಗಾಲದ ನಿದ್ದೆ, ಮುಟ್ಟಬೇಡಿ ಎನ್ನುತ್ತಾರೆ ನಮ್ಮ ಅತ್ತೆ. ಘಟಪ್ರಭಾ ನದಿಗೆ ಬಿಟ್ಟುಬಿಡಿ ಎನ್ನುತ್ತಾರೆ ಮಾವ. ವಿಜಯಪುರದ ಸಂಬಂಧಿಕರೊಬ್ಬರು ಚುಕ್ಕಿ ಇರುವ ನೆಲದ ಆಮೆಯ ಜೋಡಿ ಕೊಡುತ್ತಾರಂತೆ; ನೀರು ಬೇಡ, ಸಾಕುವುದು ಸುಲಭ, ಉತ್ತರ ದಿಕ್ಕಿಗೆ ಇಟ್ಟರೆ ಮನೆಗೂ ಒಳ್ಳೆಯದು ಅಂತ. ಏನು ಮಾಡಲಿ?

ಉತ್ತರ: ನೀವು ಕೇಳಿದ್ದರಲ್ಲಿ ಒಂದಕ್ಕೆ ಇವತ್ತೇ ಕೈಹಾಕಬೇಕು. ಈ ಮರಿ ನಿದ್ದೆ ಮಾಡುತ್ತಿಲ್ಲ, ಕಾಯಿಲೆ ಬಿದ್ದಿದೆ. ಈ ಜಾತಿಯ ಆಮೆ ಕಣ್ಣಿನಿಂದ ನೋಡಿ ಆಹಾರ ಹುಡುಕುತ್ತದೆ. ರೆಪ್ಪೆ ಬಾತು ಮುಚ್ಚಿದರೆ ಎದುರಿಗಿದ್ದ ಊಟವೂ ಕಾಣುವುದಿಲ್ಲ. ಅತ್ತೆಯವರ ಮಾತು ಪೂರ್ತಿ ಸುಳ್ಳೇನಲ್ಲ, ತಂಪು ದೇಶದ ಆಮೆಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಂಕಾಗಿ ಬಿದ್ದಿರುತ್ತವೆ. ಆದರೆ ಅವು ಅದಕ್ಕೆ ಮೊದಲೇ ಹೊಟ್ಟೆ ಖಾಲಿ ಮಾಡಿಕೊಂಡಿರುತ್ತವೆ, ನೀರೂ ಒಂದೇ ಸಮನೆ ತಣ್ಣಗಿರುತ್ತದೆ. ನಮ್ಮ ಕಡೆ ಜನವರಿಯ ಬೋಗುಣಿಯ ನೀರು ನಸುಕಿನಲ್ಲಿ ಕೊರೆಯುತ್ತದೆ, ಮಧ್ಯಾಹ್ನ ಬೆಚ್ಚಗಾಗುತ್ತದೆ. ಈ ಏರಿಳಿತದಲ್ಲಿ ಆಮೆಗೆ ನಿದ್ದೆಯೂ ಇಲ್ಲ, ತಿಂದದ್ದು ಅರಗುವುದೂ ಇಲ್ಲ. ಅರಗದ ಆಹಾರ ಹೊಟ್ಟೆಯಲ್ಲೇ ಕೊಳೆಯುತ್ತದೆ. ಮನೆಯಲ್ಲಿ ಸಾಕಿದ ಮರಿ ಚಳಿಯಲ್ಲಿ ಊಟ ಬಿಟ್ಟರೆ ಅದನ್ನು ರೋಗದ ಲಕ್ಷಣವೆಂದೇ ಹಿಡಿಯಿರಿ.

ಇವತ್ತು ಮಾಡಬೇಕಾದ್ದು

ಬೋಗುಣಿಯನ್ನು ಪಕ್ಕಕ್ಕಿಟ್ಟು ಅಗಲವಾದ ಒಂದು ಟಬ್ ತೆಗೆದುಕೊಳ್ಳಿ. ನಿತ್ರಾಣದ ಮರಿ ಆಳದ ನೀರಿನಲ್ಲಿ ಮುಳುಗಿ ಸಾಯಬಹುದು, ಆದ್ದರಿಂದ ನೀರು ಸದ್ಯಕ್ಕೆ ಚಿಪ್ಪಿನ ಎತ್ತರದಷ್ಟೇ ಇರಲಿ. ನೀರಿನ ಉಷ್ಣತೆ 26ರಿಂದ 28 ಡಿಗ್ರಿ ಸೆಲ್ಸಿಯಸ್. ಕೈಯಿಂದ ಅಂದಾಜು ಮಾಡಬೇಡಿ, ಅಕ್ವೇರಿಯಂ ಥರ್ಮಾಮೀಟರ್ ತನ್ನಿ. ಹತ್ತಿ ಒಣಗಿ ಕೂರಲು ಒಂದು ಬದಿಗೆ ಇಟ್ಟಿಗೆಯ ಮೇಲೆ ಪರಸಿ ಕಲ್ಲಿನ ತುಂಡು ಇಳಿಜಾರಾಗಿ ಇಡಿ. ಮೆಡಿಕಲ್ ಅಂಗಡಿಯ ನಾರ್ಮಲ್ ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ದಿನಕ್ಕೆ ಎರಡು ಸಲ ರೆಪ್ಪೆ ಒರೆಸಿ. ಉಜ್ಜಬೇಡಿ, ಬಿಡಿಸಿ ತೆರೆಯಲು ಹೋಗಬೇಡಿ. ಅರಿಸಿನ, ಕೊಬ್ಬರಿ ಎಣ್ಣೆ, ಜೇನು ಯಾವುದೂ ಬೇಡ. ಮನೆಯಲ್ಲಿ ಉಳಿದ ಕಣ್ಣಿನ ಹನಿಯಂತೂ ಬೇಡವೇ ಬೇಡ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಇನ್ನೂ ಹರಡುತ್ತದೆ. ಬಾಯಿ ಬಿಡಿಸಿ ತಿನ್ನಿಸಬೇಡಿ.

ಆಮೇಲೆ ಪಶುವೈದ್ಯರು. ಆಮೆ ನೋಡಿದ ಅನುಭವ ಎಲ್ಲರಿಗೂ ಇರುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿ ಹೋಗಿ. ಜಿಲ್ಲಾ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ನಾಯಿ, ಬೆಕ್ಕು, ಪಕ್ಷಿ ನೋಡುವ ಕ್ಲಿನಿಕ್ ವಿಚಾರಿಸಿ. ಒಯ್ಯುವಾಗ ನೀರಿನಲ್ಲಿಟ್ಟು ಒಯ್ಯಬೇಡಿ. ತೂತು ಮಾಡಿದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಗಾಳಿ ಬಡಿಯದ ಹಾಗೆ ಹಿಡಿದುಕೊಳ್ಳಿ. ಹೊರಡುವ ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳಿ, ಔಷಧದ ಪ್ರಮಾಣ ನಿಂತಿರುವುದೇ ಅದರ ಮೇಲೆ. ಇನ್ನೊಂದು ಮಾತು ಖಂಡಿತ ನೆನಪಿರಲಿ: ದನ, ನಾಯಿಗಳಿಗೆ ಹುಳ, ಉಣ್ಣೆಗೆಂದು ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ. ಇಂಜೆಕ್ಷನ್ ಯಾವುದೆಂದು ಕೇಳಲು ಸಂಕೋಚ ಬೇಡ.

ಹೀಗೇಕಾಯಿತು

ಅಂಗಡಿಯ ಡಬ್ಬಿಯಲ್ಲಿರುವ ಒಣ ಸೀಗಡಿ ಆಹಾರವಲ್ಲ, ತಿಂಡಿ. ಅದರಲ್ಲಿ 'ಎ' ಜೀವಸತ್ವ ತೀರಾ ಕಡಿಮೆ, ದಕ್ಕುವ ಕ್ಯಾಲ್ಸಿಯಂ ಕೂಡ ಸಾಲದು. ತಿಂಗಳುಗಟ್ಟಲೆ ಅದನ್ನೇ ತಿಂದ ಮರಿಯ ಕಣ್ಣಿನ ಗ್ರಂಥಿಗಳ ಒಳಪದರ ದಪ್ಪಗಾಗಿ, ಸತ್ತ ಕೋಶಗಳು ತುಂಬಿಕೊಂಡು ರೆಪ್ಪೆ ಬಾಯುತ್ತದೆ. ಕೆಲವಕ್ಕೆ ಕಿವಿಯ ಜಾಗದಲ್ಲಿ ಕೀವು ಗಟ್ಟಿಯಾಗಿ ಗಂಟು ಏಳುತ್ತದೆ; ನಿಮ್ಮ ಮರಿಯ ತಲೆಯ ಎರಡೂ ಬದಿ ಸಮನಾಗಿವೆಯೇ ನೋಡಿ. ಕೊರತೆ ಎಂದ ಕೂಡಲೇ ವಿಟಮಿನ್ ಹನಿ ತಂದು ಬಾಯಿಗೆ ಬಿಡುವವರಿದ್ದಾರೆ. 'ಎ' ಜೀವಸತ್ವ ಹೆಚ್ಚಾದರೆ ಆಮೆಯ ಚರ್ಮ ಸುಲಿದು ಹಸಿಗಾಯವಾಗುತ್ತದೆ. ತೂಕ ನೋಡಿ ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ವೈದ್ಯರೇ ಹೇಳಬೇಕು.

ಚಿಪ್ಪು ಬಾಗುವುದರ ಕಾರಣ ಬೇರೆ. ಹೊಸದಾಗಿ ಒಡೆದು ಬಂದ ಮರಿಯ ಚಿಪ್ಪು ಸ್ವಲ್ಪ ಮೆತ್ತಗಿರುತ್ತದೆ, ಆದರೆ ದಿನ ಹೋದಂತೆ ಅದು ಗಟ್ಟಿಯಾಗುತ್ತಾ ಹೋಗಬೇಕು. ನಿಮ್ಮದು ಮೂರು ತಿಂಗಳಾದ ಮೇಲೂ ಬಾಗುತ್ತಿದೆ. ಚಿಪ್ಪು ಆಮೆಯ ಮೇಲೆ ಹೊದಿಸಿದ ಡಬ್ಬಿಯಲ್ಲ. ಬೆನ್ನೆಲುಬು, ಪಕ್ಕೆಲುಬು ಅಗಲವಾಗಿ ಕೂಡಿಕೊಂಡು ಆದ ಎಲುಬು, ಒಳಗೆ ನರ, ರಕ್ತ ಎರಡೂ ಇವೆ. ಎಲುಬಿಗೆ ಕ್ಯಾಲ್ಸಿಯಂ ಬೇಕು, ಕರುಳು ಕ್ಯಾಲ್ಸಿಯಂ ಹೀರಬೇಕಾದರೆ 'ಡಿ3' ಜೀವಸತ್ವ ಬೇಕು, 'ಡಿ3' ಚರ್ಮದಲ್ಲಿ ತಯಾರಾಗಲು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ಬಿಸಿಲು ಬೀಳುವ ಕಿಟಕಿಯ ಹತ್ತಿರವೇ ಇಟ್ಟಿದ್ದೆವು ಎಂದು ಬಹಳ ಜನ ಹೇಳುತ್ತಾರೆ. ಬೆಳಕು ಬಂದಿರುತ್ತದೆ, ಬೇಕಾದ ಕಿರಣ ಬಂದಿರುವುದಿಲ್ಲ.

ಅಂಗಡಿಯವರ ಮಾತಿನ ವಿಷಯ. ನಿಮ್ಮದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆಯ ನೀರಾಮೆ. ಗಂಡು 20 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ, ಹೆಣ್ಣು 25ರಿಂದ 30. ಆಯುಷ್ಯ 20ರಿಂದ 30 ವರ್ಷ. ಸಣ್ಣ ಬೋಗುಣಿಯಲ್ಲಿಟ್ಟರೆ ಸಣ್ಣದಾಗೇ ಉಳಿಯುತ್ತದೆ ಎನ್ನುವುದು, ಬೆಳೆಯುವ ಮೊದಲೇ ಸತ್ತ ಮರಿಗಳನ್ನು ನೋಡಿ ಹುಟ್ಟಿದ ನಂಬಿಕೆ. ನಿಮ್ಮ ಮಗಳು ಓದು ಮುಗಿಸಿ, ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಇದು ನಿಮ್ಮ ಮನೆಯಲ್ಲಿರುತ್ತದೆ. ಅಂಗಡಿಯಲ್ಲೇ ಹೇಳಬೇಕಾಗಿದ್ದ ಮಾತಿದು.

ಚುಕ್ಕಿ ಆಮೆಯ ಜೋಡಿ

ನಿಮ್ಮ ಸಂಬಂಧಿಕರು ಹೇಳುತ್ತಿರುವುದು ಬಹುಶಃ ನಕ್ಷತ್ರ ಆಮೆ: ಕಪ್ಪು ಉಬ್ಬುಚಿಪ್ಪಿನ ಮೇಲೆ ಹಳದಿ ಗೆರೆಗಳು ನಡುವಿನಿಂದ ಸಿಡಿದಂತೆ ಇರುತ್ತವೆ. ಬೇಡ ಎಂದು ಇವತ್ತೇ ತಿಳಿಸಿ. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯ ಪ್ರಾಣಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಇದನ್ನು ಅತಿ ಹೆಚ್ಚು ರಕ್ಷಣೆಯ ಒಂದನೇ ಅನುಸೂಚಿಗೆ ಸೇರಿಸಿದೆ. ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ದುಡ್ಡು ಕೊಟ್ಟಿಲ್ಲ, ಉಡುಗೊರೆ ಬಂತು ಎಂದರೂ ಇಟ್ಟುಕೊಳ್ಳುವುದೇ ಅಪರಾಧ. 2019ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಗೂ ಇದನ್ನು ಸೇರಿಸಲಾಯಿತು. ಸಾಕುವ ಆಸೆಗೆ ಕಾಡಿನಿಂದ ಹಿಡಿದು ಸಾಗಿಸಿದ್ದೇ ಅದಕ್ಕೆ ಕಾರಣ. ನಕ್ಷತ್ರ ಆಮೆಗಳು ಮಾರಾಟಕ್ಕೆ ಬರುವುದು ಚೀಲದಲ್ಲಿ, ಒಂದರ ಮೇಲೊಂದು, ದಿನಗಟ್ಟಲೆ ನೀರಿಲ್ಲದೆ.

ನಮ್ಮ ಕಾಲುವೆ, ಬಾವಿಗಳಲ್ಲಿ ಸಿಗುವ ಮೆತ್ತನೆ ಚಿಪ್ಪಿನ ಆಮೆಗೂ ಇದೇ ಕಾನೂನು. ಬಾವಿ ನೀರು ಸ್ವಚ್ಛವಿರಲಿ ಎಂದು ಹೊಲದವರು ಇದನ್ನು ತಂದು ಬಿಡುವುದುಂಟು. ಅದೂ ಒಂದನೇ ಅನುಸೂಚಿಯ ಪ್ರಾಣಿಯೇ. ಸಂಬಂಧಿಕರ ಮನೆಯಲ್ಲಿ ಜೋಡಿ ಈಗಾಗಲೇ ಇದ್ದರೆ ಗುಟ್ಟಾಗಿ ಗುಡ್ಡಕ್ಕೆ ಬಿಟ್ಟು ಬರುವುದು ಬೇಡ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ, ವಲಯ ಅರಣ್ಯಾಧಿಕಾರಿಗೆ ಒಪ್ಪಿಸಲಿ. ಎಲ್ಲಿಯದೋ ಆಮೆಯನ್ನು ಎಲ್ಲಿಗೋ ಬಿಟ್ಟರೆ ಅದು ಬದುಕುವುದು ಕಷ್ಟ, ಅದರ ರೋಗ ಅಲ್ಲಿಯ ಆಮೆಗಳಿಗೆ ತಗಲುವುದು ಸುಲಭ.

ಉತ್ತರ ದಿಕ್ಕಿನ ನಂಬಿಕೆ ನಿಮಗಿದ್ದರೆ ನಾನು ಅದರ ವಿರುದ್ಧ ವಾದಿಸುವುದಿಲ್ಲ. ಹಿತ್ತಾಳೆಯದೋ ಕಲ್ಲಿನದೋ ಕೂರ್ಮ ತಂದಿಡಿ. ಜೀವಂತ ಆಮೆಯನ್ನು ಎಲ್ಲಿ ಇಡಬೇಕು ಎಂಬುದನ್ನು ಬಿಸಿಲು, ಗಾಳಿ, ಪ್ಲಗ್ ಪಾಯಿಂಟ್ ನೋಡಿ ನಿರ್ಧರಿಸಬೇಕಾಗುತ್ತದೆ. ಇಪ್ಪತ್ತು ಉಗುರಿನ ಆಮೆ ಸಿಕ್ಕರೆ ಹಣ ಹರಿದು ಬರುತ್ತದೆ ಎಂದು ಹೇಳಿಕೊಂಡು ಬರುವವರು ಕಳ್ಳಸಾಗಣೆಯ ಜನ. ದೂರವಿರಿ.

ಕಾನೂನಿಗೆ ಒಳಪಟ್ಟು ಸಾಕಬಹುದಾದ ನೆಲದ ಆಮೆ ಇಲ್ಲವೇ ಎಂದರೆ, ವಿದೇಶಿ ಜಾತಿಗಳಿವೆ; ದೊಡ್ಡ ಊರುಗಳಲ್ಲಿ ಹೆಚ್ಚಾಗಿ ಸಿಗುವುದು ಆಫ್ರಿಕಾದ ಸಲ್ಕಾಟಾ. ಸೈಟ್ಸ್ ಪಟ್ಟಿಯ ಪ್ರಾಣಿಯಾದ್ದರಿಂದ 2024ರ ನೋಂದಣಿ ನಿಯಮದಂತೆ ಕೈಗೆ ಬಂದ 30 ದಿನದೊಳಗೆ ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ದಾಖಲಿಸಬೇಕು, ಮಾರಿದವರ ಕಾಗದಪತ್ರವೂ ಬೇಕು. ನಮ್ಮ ಬಿಸಿಲು, ಒಣಹವೆ ಅದಕ್ಕೆ ಒಗ್ಗುತ್ತದೆ. ಆದರೆ ಅಂಗೈಯಲ್ಲಿ ಬಂದದ್ದು 40 ಕಿಲೋ ದಾಟುತ್ತದೆ, ನೆಲ ಅಗೆದು ಬಿಲ ಮಾಡುತ್ತದೆ, ಕಾಂಪೌಂಡಿನ ಬುಡವನ್ನೂ ಬಿಡುವುದಿಲ್ಲ. ತೋಟದ ಮನೆ ಇದ್ದವರಿಗೆ ಬೇರೆ ಮಾತು. ನವನಗರದ ಎರಡು ಕೋಣೆಯ ಮನೆಗೆ ನಾನು ಸೂಚಿಸಲಾರೆ.

ನದಿಗೆ ಏಕೆ ಬಿಡಬಾರದು

ಮಾವನವರ ಮಾತಿನಲ್ಲಿ ಕರುಣೆ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗ ಬಿಟ್ಟರೆ ಕುರುಡಾಗಿರುವ ಮರಿ ಸಾಯುತ್ತದೆ. ಗುಣವಾದ ಮೇಲೆ ಬಿಟ್ಟರೆ ಬದುಕುತ್ತದೆ, ಅದು ಇನ್ನೂ ಕೆಟ್ಟದ್ದು. ಸ್ಲೈಡರ್ ಜಗತ್ತಿನ ಅತಿ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಮೀನುಮರಿ, ಕಪ್ಪೆ, ಜಲಸಸ್ಯ ಎಲ್ಲವನ್ನೂ ತಿನ್ನುತ್ತದೆ, ಬಿಸಿಲು ಕಾಯುವ ಬಂಡೆಯಿಂದ ನಮ್ಮ ಆಮೆಗಳನ್ನು ತಳ್ಳುತ್ತದೆ. ಐರೋಪ್ಯ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ನಮ್ಮಲ್ಲೂ ಗುವಾಹಟಿಯ ದೇವಸ್ಥಾನದ ಕೊಳದಲ್ಲಿ, ತ್ರಿಶ್ಶೂರಿನ ಕಾಲುವೆಯಲ್ಲಿ ಇವು ಸಿಕ್ಕಿವೆ, ಎಲ್ಲವೂ ಯಾರೋ ಬಿಟ್ಟು ಹೋದವು. ಘಟಪ್ರಭೆಗೆ ಬಿಟ್ಟದ್ದು ಆಲಮಟ್ಟಿ ಹಿನ್ನೀರಿಗೆ ತಲುಪಲು ಅಡ್ಡಿಯೇನಿಲ್ಲ. ಬಾದಾಮಿಯ ಅಗಸ್ತ್ಯತೀರ್ಥ, ವಿಜಯಪುರದ ಭೂತನಾಳ ಕೆರೆಗೂ ಇದೇ ಮಾತು.

ಸಾಕಲು ಆಗದಿದ್ದರೆ ಆಮೆ ತಪ್ಪಿಸಿಕೊಂಡು ಹೊರಹೋಗಲಾಗದ ಕೊಳ ಇರುವ, ಆಮೆ ಸಾಕಿ ಗೊತ್ತಿರುವ ದೊಡ್ಡವರಿಗೆ ಕೊಡಿ. ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ ಮೃಗಾಲಯದ ಬಾಗಿಲಲ್ಲಿ ಡಬ್ಬಿ ಇಟ್ಟು ಬರುವುದು ದಾರಿಯಲ್ಲ. ಅರಣ್ಯ ಇಲಾಖೆಯ ಮೂಲಕ ಕೇಳಿ.

ಇಟ್ಟುಕೊಳ್ಳುವುದಾದರೆ

ನನ್ನ ಅಭಿಪ್ರಾಯ: ತಂದಾಗಿದೆ, ಇದನ್ನೇ ಸರಿಯಾಗಿ ಸಾಕಿ. ಒಂದು ಪೂರ್ತಿ ವರ್ಷ, ಅಂದರೆ ನಮ್ಮ ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ಇದು ಆರೋಗ್ಯವಾಗಿ ದಾಟುವವರೆಗೆ ಇನ್ನೊಂದು ತರಬೇಡಿ. ಆಮೆಗೆ ಜೋಡಿ ಬೇಕಿಲ್ಲ. ಎರಡಿದ್ದರೆ ಬಾಲ, ಕಾಲು ಕಚ್ಚಾಡುತ್ತವೆ, ದುರ್ಬಲವಾದದ್ದು ಉಪವಾಸ ಬೀಳುತ್ತದೆ.

ಟಬ್ಬಿನ ಲೆಕ್ಕ, ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು. ಈಗ 80 ಲೀಟರ್ ಸಾಕು. ಬೆಳೆದ ಹೆಣ್ಣಿಗೆ 400 ಲೀಟರ್. ಗಾಜಿನ ತೊಟ್ಟಿಯೇ ಆಗಬೇಕೆಂದಿಲ್ಲ, ಹಳೆಯ ಸಿಂಟೆಕ್ಸ್ ಟ್ಯಾಂಕನ್ನು ಅಡ್ಡ ಕೊಯ್ದು ಅಂಚು ಉಜ್ಜಿ ನಯ ಮಾಡಿದರೆ ಬಹಳ ವರ್ಷಕ್ಕಾಯಿತು. ಗುಣವಾದ ಮೇಲೆ ನೀರಿನ ಆಳ ಚಿಪ್ಪಿನ ಉದ್ದದ ಒಂದೂವರೆಯಿಂದ ಎರಡು ಪಟ್ಟು ಇರಲಿ, ಮಗುಚಿ ಬಿದ್ದರೂ ತಿರುಗಿಕೊಳ್ಳಲು ಬರಬೇಕು. ತಳಕ್ಕೆ ಬಣ್ಣದ ಸಣ್ಣ ಹರಳು ಹಾಕಬೇಡಿ, ನುಂಗಿ ಕರುಳು ಕಟ್ಟಿಕೊಳ್ಳುತ್ತದೆ.

ಚಳಿಗಾಲದಲ್ಲಿ ಗಾರ್ಡ್ ಇರುವ 100 ವ್ಯಾಟ್ ಅಕ್ವೇರಿಯಂ ಹೀಟರ್ ಸಾಕು. ನೀರು ಬದಲಿಸುವ 15 ನಿಮಿಷ ಮೊದಲೇ ಅದನ್ನು ಆರಿಸಿ. ಅದರ ಬಿಸಿ ಗಾಜಿಗೆ ಗಾಳಿ ತಾಗಿ, ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ. ಒಣ ಕಲ್ಲಿನ ಮೇಲೆ 50 ವ್ಯಾಟಿನ ಬಿಸಿ ಬಲ್ಬನ್ನು ಪಿಂಗಾಣಿ ಹೋಲ್ಡರಿನಲ್ಲಿ ಒಂದಡಿ ಎತ್ತರಕ್ಕೆ ಕಟ್ಟಿ. ಕಲ್ಲಿನ ಮೇಲ್ಮೈ 32ರಿಂದ 35 ಡಿಗ್ರಿ ತೋರಿಸುವವರೆಗೆ ಬಲ್ಬ್ ಏರಿಸಿ ಇಳಿಸಿ. ದಿನಕ್ಕೆ ಹತ್ತು ತಾಸು ಉರಿದರೆ ತಿಂಗಳಿಗೆ 15 ಯೂನಿಟ್. ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರುವಂತೆ ಬಿಡಿ, ಹರಿದ ಹನಿ ಪ್ಲಗ್ಗಿಗೆ ಹೋಗದೆ ಅಲ್ಲೇ ಉದುರುತ್ತದೆ. ಆ ಲೈನಿಗೆ ಕರೆಂಟ್ ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್ (ಆರ್‌ಸಿಸಿಬಿ) ಇಲ್ಲದಿದ್ದರೆ ಹಾಕಿಸಿ; ಮಗು ಕೈ ಅದ್ದುವ ನೀರು ಅದು.

ಬಿಸಿಲನ್ನು ಮಾತ್ರ ನಾವು ಕೊಂಡು ತರಬೇಕಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ 8ರಿಂದ 10ರೊಳಗೆ 20–30 ನಿಮಿಷ ಮಾಳಿಗೆಯ ಮೇಲೆ, ಅರ್ಧ ನೆರಳು, ಅರ್ಧ ಬಿಸಿಲು, ಒಳಗೆ ನೀರು, ಮೇಲೆ ಕಾಗೆ, ಬೆಕ್ಕಿನ ಕಾಟಕ್ಕೆ ಜಾಳಿಗೆ. ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಗಾಜಿನ ಪಾತ್ರೆ ಬಿಸಿಲಿಗೆ ಇಡಬೇಡಿ, ಸ್ವಲ್ಪ ಹೊತ್ತಿನಲ್ಲೇ ಆಮೆ ಬೆಂದುಹೋಗುತ್ತದೆ. ಮಾರ್ಚಿನಿಂದ ಜೂನ್ ಮೊದಲ ಮಳೆಯವರೆಗೆ 8 ಗಂಟೆಗೆ ಮುಂಚೆಯೇ ಮುಗಿಸಿ. ಆ ತಿಂಗಳುಗಳಲ್ಲಿ ಟಬ್ ಮಾಳಿಗೆಯ ಮೇಲಿರಬಾರದು. ನೀರು 30 ಡಿಗ್ರಿ ದಾಟಿದರೆ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆ ತೇಲಿಬಿಡಿ. ಬೆಳಗಾವಿಯ ಕಡೆಯವರಿಗೆ ಮಳೆಗಾಲದ ಎರಡು ಮೂರು ತಿಂಗಳು ಬಿಸಿಲೇ ಇರುವುದಿಲ್ಲ, ಅವರಿಗೆ 5 ಪರ್ಸೆಂಟ್ ಯುವಿಬಿ ಟ್ಯೂಬ್ ಬೇಕು. ಬೆಳಕು ಉಳಿದರೂ ಕಿರಣ ಕುಗ್ಗುವುದರಿಂದ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿದರೆ ಕ್ಲೋರಿನ್ ಹೋಗುತ್ತದೆ. ಬೋರಿನ ಗಡಸು ನೀರಿನಿಂದ ಚಿಪ್ಪಿನ ಮೇಲೆ ಬಿಳಿ ಕಲೆ ಕೂರುತ್ತದೆ, ರೋಗವಲ್ಲ, ಚಾಕುವಿನಿಂದ ಕೆರೆಯಬೇಡಿ. ಊಟವನ್ನು ಬೇರೆ ಬಕೆಟ್ಟಿನಲ್ಲಿ ಅರ್ಧ ತಾಸು ಕೊಟ್ಟು ವಾಪಸ್ ಬಿಟ್ಟರೆ ಟಬ್ ಬಹಳ ಕಡಿಮೆ ಕೆಡುತ್ತದೆ. ಫಿಲ್ಟರ್ ಕೊಳ್ಳುವಾಗ ಮೀನಿನ ಲೆಕ್ಕ ನಂಬಬೇಡಿ, ನಿಮ್ಮ ನೀರಿನ ಎರಡು ಮೂರು ಪಟ್ಟಿನ ತೊಟ್ಟಿಗೆ ಆಗುವಂಥದ್ದು ತನ್ನಿ. ಆಗಲೂ ವಾರಕ್ಕೆ ಕಾಲುಭಾಗ ನೀರು ಬದಲಿಸಬೇಕು.

ಆಹಾರದ ಮುಖ್ಯ ಭಾಗ ಆಮೆಗೆಂದೇ ಮಾಡಿದ ಒಣ ಗುಳಿಗೆ, ಅಂದರೆ ಪೆಲೆಟ್. ಮರಿಗೆ ದಿನಕ್ಕೊಮ್ಮೆ, ಅದರ ತಲೆಯ ಗಾತ್ರದಷ್ಟು. ದೊಡ್ಡದಾದ ಮೇಲೆ ಎರಡು ದಿನಕ್ಕೊಮ್ಮೆ. ಜೊತೆಗೆ ಸೊಪ್ಪು. ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಇದಕ್ಕೂ ಒಳ್ಳೆಯದು, ನುಗ್ಗೆ ಸೊಪ್ಪೂ ಆಗುತ್ತದೆ. ಹೈನುಗಾರರ ಮನೆಯ ಅಜೋಲಾ ಒಂದು ಹಿಡಿ ತಂದು ನೀರಿಗೆ ಬಿಟ್ಟರೆ ತಾನೇ ಮೇಯುತ್ತದೆ. ಗಜ್ಜರಿ, ಕುಂಬಳಕಾಯಿ ತುರಿ ವಾರಕ್ಕೆರಡು ಸಲ. 'ಎ' ಜೀವಸತ್ವದ ದಾರಿ ಅದು. ಪಾಲಕ್, ರಾಜಗಿರಿ ಕ್ಯಾಲ್ಸಿಯಂ ಕಟ್ಟಿಹಾಕುತ್ತವೆ, ಬೇಡ. ಅನ್ನ, ಚಪಾತಿ, ಚುರುಮುರಿ, ಹಾಲು ಬೇಡ. ಗಿಳಿಗಳಿಗೆ ಹಾಕುವ ಬಿಳಿ ಸಮುದ್ರನೊರೆಯ ತುಂಡು ನೀರಿನಲ್ಲಿ ತೇಲುತ್ತಿರಲಿ, ಕ್ಯಾಲ್ಸಿಯಂ ಬೇಕೆನಿಸಿದಾಗ ಕಚ್ಚುತ್ತದೆ.

ಮಗಳಿಗೊಂದು ಮಾತು ಕಲಿಸಿ: ಮುಟ್ಟಿದ ಪ್ರತಿ ಸಲ ಸಾಬೂನಿನಿಂದ ಕೈ ತೊಳೆಯಬೇಕು, ಮುದ್ದು ಕೊಡಬಾರದು. ನೋಡಲು ಆರೋಗ್ಯವಾಗಿರುವ ಆಮೆಯೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೊತ್ತಿರಬಹುದು. ಮಕ್ಕಳಿಗೆ ಅದು ತಗಲಿದ್ದರಿಂದಲೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟ ನಿಷೇಧಿಸಿತು. ಟಬ್ಬಿನ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ, ಹೂಗಿಡಕ್ಕೆ ಹಾಕಿ. ಮನೆಯಲ್ಲಿ ಐದು ವರ್ಷದೊಳಗಿನ ಕೂಸು ಅಥವಾ ಗರ್ಭಿಣಿ ಇದ್ದರೆ ಅವರು ಇದರ ಕೆಲಸಕ್ಕೆ ಕೈಹಾಕಬಾರದು.

ಚಿಕಿತ್ಸೆ ಶುರುವಾದ ಮೇಲೆ ಕಣ್ಣು ತೆರೆಯಲು ಒಂದೆರಡು ವಾರ ಬೇಕಾಗಬಹುದು, ಚಿಪ್ಪು ಗಟ್ಟಿಯಾಗಲು ತಿಂಗಳುಗಳು. ಕಣ್ಣು ತೆರೆದ ದಿನ ಎರೆಹುಳದ ತುಂಡು ಕೊಟ್ಟು ನೋಡಿ, ಅಲುಗಾಡುವುದರ ಮೇಲೆ ಬೇಗ ಬೀಳುತ್ತದೆ. ಸೀಗಡಿಯ ರುಚಿ ಹತ್ತಿದ ಮರಿ ಪೆಲೆಟ್ ಮುಟ್ಟದಿದ್ದರೆ, ಸೀಗಡಿ ನೆನೆಸಿದ ನೀರಿನಲ್ಲಿ ಪೆಲೆಟ್ ಅದ್ದಿ ಕೊಡಿ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ಬರೆಯಿರಿ, ಈ ಕೆಲಸ ಮಗಳಿಗೇ ವಹಿಸಬಹುದು. ತೂಕ ಎರಡು ವಾರ ಸತತ ಇಳಿದರೆ ವೈದ್ಯರಿಗೆ ತೋರಿಸಿ. ಈಜುವಾಗ ಒಂದೇ ಬದಿಗೆ ವಾಲಿದರೆ, ಮೂಗಿನಿಂದ ಗುಳ್ಳೆ ಬಂದರೆ, ಕುತ್ತಿಗೆ ಚಾಚಿ ಬಾಯಿ ತೆರೆದು ಉಸಿರಾಡಿದರೆ ವಾರ ಕಾಯಬೇಡಿ; ಅದು ನ್ಯುಮೋನಿಯಾ ಇರಬಹುದು, ಅದೇ ದಿನ ಒಯ್ಯಬೇಕು.